ಚಿತ್ರಗಳು ಚಲಿಸುವುದೆಂತು?

ಶಹಾಪುರದ ಬೆಟ್ಟಗಳನ್ನು ದೂರದಿಂದ, ತಕ್ಕ ಎಡೆಯಲ್ಲಿ ನಿಂತು ನೋಡಿದವರಿಗೆ ಮಲಗಿರುವ ಬುದ್ಧನ ಆಕೃತಿ ಕಾಣಿಸುತ್ತದೆ. ಹತ್ತಿರ ಹೋದರೆ ಅಲ್ಲಿರುವುವು ಬೇರೆ ಬೇರೆ ಗುಡ್ಡಗಳು, ಬಂಡೆಗಳು ಮಾತ್ರ. ಅವನ್ನು ಒಂದುಗೂಡಿಸಿ ಬುದ್ಧನನ್ನು ಕಟ್ಟುವುದು ನೋಡುವವನ ಮನಸ್ಸು. ಬಿಡಿಬಿಡಿಯಾದುದನ್ನು ಅಖಂಡವಾಗಿ ಕಾಣುವ ಈ ಶಕ್ತಿಯೇ ಅನಿಮೇಷನ್ ಚಿತ್ರಗಳ ತಳಹದಿ. ಬೆಟ್ಟದಲ್ಲಿ ಅದು ಆಕಾರವನ್ನು ಜೋಡಿಸುತ್ತದೆ. ತೆರೆಯ ಮೇಲೆ ಚಲನೆಯನ್ನು ಜೋಡಿಸುತ್ತದೆ.

ಕಣ್ಣು ಮತ್ತು ಮಿದುಳು

ತೆರೆಯ ಮೇಲೆ ವಾಸ್ತವವಾಗಿ ಯಾವ ವಸ್ತುವೂ ಚಲಿಸುವುದಿಲ್ಲ. ಒಂದು ಸೆಕೆಂಡಿನಲ್ಲಿ 24 ಸ್ಥಿರಚಿತ್ರಗಳು ಒಂದಾದ ಮೇಲೊಂದು ಮೂಡಿ ಮರೆಯಾಗುತ್ತವೆ. ಹಿಂದಿನ ಬಿಂಬವು ಕಣ್ಣಿನಲ್ಲಿ ಕ್ಷಣಕಾಲ ಉಳಿಯುವುದರಿಂದ ಚಲನೆ ಕಾಣುತ್ತದೆಂದು ಪಠ್ಯಪುಸ್ತಕಗಳು ಬಹುಕಾಲ ಹೇಳುತ್ತ ಬಂದುವು. ಈ ವಿವರಣೆ ಸಾಲದು. ಬಿಂಬ ಉಳಿಯುವುದೊಂದೇ ಕಾರಣವಾಗಿದ್ದರೆ ಚಿತ್ರಗಳು ಒಂದರ ಮೇಲೊಂದು ಕಲಸಿಹೋಗಬೇಕಾಗಿತ್ತು. ಸ್ವಲ್ಪ ಸ್ವಲ್ಪವೇ ಸ್ಥಳ ಬದಲಿಸಿದ ಆಕೃತಿಗಳನ್ನು ಮಿದುಳು ಒಂದೇ ವಸ್ತುವಿನ ಚಲನೆಯೆಂದು ಗ್ರಹಿಸುತ್ತದೆ. ಇಂಥ ತೋರಿಕೆಯ ಚಲನೆಯನ್ನು 1912ರಲ್ಲಿ ಮ್ಯಾಕ್ಸ್ ವರ್ಟ್‌ಹೈಮರ್ ಅವರು ಪ್ರಯೋಗಗಳಿಂದ ವಿವರಿಸಿದರು.

80 ನಿಮಿಷಗಳ ಚಿತ್ರವೊಂದಕ್ಕೆ 1,15,200 ಚೌಕಟ್ಟುಗಳು ಬೇಕು. ಒಂದೊಂದು ಚಿತ್ರವನ್ನು ಎರಡೆರಡು ಚೌಕಟ್ಟುಗಳಿಗೆ ಬಳಸಿದರೂ 57,600 ಚಿತ್ರಗಳಾದವು. ಈ ಶ್ರಮವನ್ನು ಹಂಚಿಕೊಳ್ಳಲು ಒಂದು ಪದ್ಧತಿ ಬೆಳೆಯಿತು. ಚಲನೆಯ ಮುಖ್ಯ ನಿಲುವುಗಳನ್ನು ಹಿರಿಯ ಕಲಾವಿದರು ಬರೆಯುವರು. ನಡುವಣ ಚಿತ್ರಗಳನ್ನು ಸಹಾಯಕರು ತುಂಬುವರು.

ಬೀಳುವ ಚೆಂಡಿನ ಪಾಠ

ನಡುವಣ ಚಿತ್ರಗಳನ್ನು ಹೇಗೆಂದರೆ ಹಾಗೆ ತುಂಬಲಾಗದು. ವಾಚಕರು ಇದನ್ನು ತಾವೇ ಪರೀಕ್ಷಿಸಬಹುದು. ಹಳೆಯ ನೋಟುಪುಸ್ತಕದ ಒಂಬತ್ತು ಹಾಳೆಗಳ ಅಂಚಿನಲ್ಲಿ ಒಂದೊಂದು ಚೆಂಡನ್ನು ಬರೆಯಿರಿ. ಮೊದಲನೆಯದು ಮೇಲ್ತುದಿಯಲ್ಲಿರಲಿ. ಮುಂದಿನವು ಅದರಿಂದ ಕ್ರಮವಾಗಿ 1, 4, 9, 16, 25, 36, 49, 64 ಮಿಲಿಮೀಟರ್ ಕೆಳಗಿರಲಿ. ಬೇರೆ ಒಂಬತ್ತು ಹಾಳೆಗಳಲ್ಲಿ ಎಂಟೆಂಟು ಮಿಲಿಮೀಟರ್ ಸಮಾನ ಅಂತರದಲ್ಲಿ ಬರೆಯಿರಿ. ಎರಡರಲ್ಲೂ ಚೆಂಡು ಎಂಟೇ ಹೆಜ್ಜೆಗಳಲ್ಲಿ 64 ಮಿಲಿಮೀಟರ್ ಇಳಿಯುತ್ತದೆ. ಈಗ ಹಾಳೆಗಳನ್ನು ಸರಸರನೆ ಮಗುಚಿ ನೋಡಿ. ಮೊದಲನೆಯ ಚೆಂಡು ಭಾರವುಳ್ಳದ್ದಾಗಿ ಬೀಳುತ್ತದೆ. ಎರಡನೆಯದು ದಾರ ಕಟ್ಟಿ ಇಳಿಸಿದಂತೆ ಜಾರುತ್ತದೆ.

ಕಾರಣ ಸರಳ. ಬೀಳುವ ವಸ್ತು ಕ್ರಮಿಸುವ ದೂರವು ಕಾಲದ ವರ್ಗಕ್ಕೆ ಅನುಪಾತದಲ್ಲಿರುತ್ತದೆ. ಆದುದರಿಂದ ಸಮಕಾಲಗಳಲ್ಲಿನ ಅಂತರಗಳು 1, 3, 5, 7 ಎಂದು ಬೆಸಸಂಖ್ಯೆಗಳಂತೆ ಬೆಳೆಯುತ್ತವೆ. ಇದನ್ನು ಕಂಡುಕೊಂಡವನು ಗೆಲಿಲಿಯೊ. ಸೂತ್ರವನ್ನು ಅರಿಯದ ಮಗುವಿನ ಕಣ್ಣಿಗೂ ತಪ್ಪು ತಿಳಿದುಬಿಡುತ್ತದೆ.

ನಮ್ಮ ನಾಡಿನಲ್ಲಿ

ದೀಪದ ಮುಂದೆ ಬಣ್ಣದ ತೊಗಲುಗೊಂಬೆಗಳನ್ನಾಡಿಸಿ ಬಿಳಿಯ ಪರದೆಯ ಮೇಲೆ ಕಥೆ ತೋರಿಸುವ ಕಲೆ ಕರ್ನಾಟಕಕ್ಕೆ ಹೊಸದಲ್ಲ. ಜರ್ಮನಿಯ ಲೊಟ್ಟೆ ರೈನಿಗರ್ ಅವರು ಕತ್ತರಿಸಿದ ನೆರಳುಗೊಂಬೆಗಳನ್ನು ಚೌಕಟ್ಟು ಚೌಕಟ್ಟಾಗಿ ಛಾಯಾಗ್ರಹಣ ಮಾಡಿ 1926ರಲ್ಲಿ ಪೂರ್ಣಪ್ರಮಾಣದ ಚಿತ್ರವನ್ನೇ ನಿರ್ಮಿಸಿದ್ದರು.

ಈಚಿನ ವರ್ಷಗಳಲ್ಲಿ ಬೆಂಗಳೂರು ಈ ಉದ್ಯಮದ ಒಂದು ಕೇಂದ್ರವಾಗಿದೆ. ಗೋವಿನ ಕಥೆಯನ್ನಾಧರಿಸಿದ ಸಂಸ್ಕೃತ ಅನಿಮೇಷನ್ ಚಿತ್ರ ‘ಪುಣ್ಯಕೋಟಿ’ 2020ರಲ್ಲಿ ಹೊರಬಂದಿತು. ಬೆಂಗಳೂರಿನ ಹೊಂಬಾಳೆ ಫಿಲಂಸ್ ಅರ್ಪಿಸಿದ ‘ಮಹಾವತಾರ ನರಸಿಂಹ’ 2025ರ ಜುಲೈಯಲ್ಲಿ ಕನ್ನಡವೂ ಸೇರಿ ಹಲವು ಭಾಷೆಗಳಲ್ಲಿ ತೆರೆಕಂಡು ಜನಮನ್ನಣೆ ಪಡೆಯಿತು. ಆದರೆ ಅದೇ ವರ್ಷದ ಫೆಬ್ರವರಿಯಲ್ಲಿ ವಿದೇಶೀ ಟೆಕ್ನಿಕಲರ್ ಸಮೂಹ ಕುಸಿದಾಗ ಅದರ ಬೆಂಗಳೂರು ಕಾರ್ಯಾಲಯವೂ ಮುಚ್ಚಿತು; ನುರಿತ ಕಲಾವಿದರು ಹಠಾತ್ತನೆ ನಿರುದ್ಯೋಗಿಗಳಾದರು. ಪರದೇಶದ ಕಥೆಗಳಿಗೆ ಕೂಲಿಯ ಗೆರೆ ಎಳೆಯುವ ಉದ್ಯೋಗ ಎಷ್ಟು ಅಸ್ಥಿರವೆಂಬುದಕ್ಕೆ ಇದು ನಿದರ್ಶನ.

ಮುಂದೇನು?

ನಡುವಣ ಚಿತ್ರಗಳನ್ನು ತುಂಬುವ ಕೆಲಸವನ್ನು ಗಣಕಯಂತ್ರಗಳು ಬಹುಮಟ್ಟಿಗೆ ವಹಿಸಿಕೊಂಡಿವೆ. ಅಸಂಖ್ಯ ಚಿತ್ರಗಳಿಂದ ಕಲಿತ ಕೃತಕ ಬುದ್ಧಿಮತ್ತೆಯು ಇಡೀ ದೃಶ್ಯವನ್ನೇ ರಚಿಸಬಲ್ಲುದು. ಆದರೆ ಅದು ಕಲಿತಿರುವುದು ತೋರಿಕೆಯನ್ನು. ಅದರ ದೃಶ್ಯಗಳಲ್ಲಿ ವಸ್ತುಗಳು ಒಮ್ಮೊಮ್ಮೆ ಭಾರವಿಲ್ಲದೆ ತೇಲುತ್ತವೆ, ಒಂದರೊಳಗೊಂದು ಕರಗುತ್ತವೆ. ಈ ದೋಷಗಳು ಕಡಮೆಯಾಗುತ್ತಿವೆ. ಆದುದರಿಂದ ಯಂತ್ರದ ತಪ್ಪನ್ನೇ ನಂಬಿ ವೃತ್ತಿಯನ್ನು ಆಯ್ದುಕೊಳ್ಳುವುದು ಜಾಣತನವಲ್ಲ.

ಯಾದಗಿರಿ, ಸುರಪುರಗಳ ತರುಣರು ಈ ವಿದ್ಯೆಯನ್ನು ಕಲಿಯಬೇಕೆ ಎಂಬ ಪ್ರಶ್ನೆ ತರಗತಿಯಲ್ಲಿ ಏಳುವುದುಂಟು. ಕಲಿಯಬಹುದು, ಆದರೆ ಯಾವುದೋ ಒಂದು ಉಪಕರಣದ ಗುಂಡಿಗಳನ್ನೊತ್ತುವುದನ್ನಷ್ಟೇ ಕಲಿತರೆ ಸಾಲದು. ಆ ಉಪಕರಣ ನಾಳೆ ಹಳತಾಗುತ್ತದೆ. ಗೆರೆ, ಚಲನೆಯ ನಿಯಮ, ಕಥೆ ಹಳತಾಗುವುದಿಲ್ಲ. ಹಣದ ಅಡ್ಡಿಯೂ ಮೊದಲಿನಷ್ಟಿಲ್ಲ. 2025ರಲ್ಲಿ ಆಸ್ಕರ್ ಪ್ರಶಸ್ತಿ ಪಡೆದ ಲಾಟ್ವಿಯಾ ದೇಶದ ‘ಫ್ಲೋ’ ಎಂಬ ಚಿತ್ರ ‘ಬ್ಲೆಂಡರ್’ ಎಂಬ ಉಚಿತ ತಂತ್ರಾಂಶದಿಂದಲೇ ಸಿದ್ಧವಾಯಿತು. ಅದರಲ್ಲಿ ಮಾತೇ ಇಲ್ಲ.

ಸುರಪುರದ ಅರಸರ ಆಶ್ರಯದಲ್ಲಿ ಬೆಳೆದ ಚಿತ್ರಕಲೆ ಸೂಕ್ಷ್ಮವಾದ ಗೆರೆಗಳ ಕಲೆ. ಆ ಗೆರೆಗಳು ಇನ್ನೂ ಸ್ಥಿರವಾಗಿವೆ. ಅವನ್ನು ನಡೆಯಿಸಬಲ್ಲ ವಿದ್ಯೆ ಈಗ ಕೈಗೆಟಕುವಂತಿದೆ. ಅದರ ಮೊದಲ ಪಾಠಕ್ಕೆ ಹಳೆಯ ನೋಟುಪುಸ್ತಕದ ಒಂಬತ್ತು ಹಾಳೆಗಳು ಸಾಕು.