ಜರಿ ಎಂಬ ತ್ರಸಜೀವ

ಕನ್ನಡದಲ್ಲಿ ಜರಿ, ಮರಾಠಿಯಲ್ಲಿ ಗೋಮ, ಹಿಂದಿಯಲ್ಲಿ ಕಾನ್‌ಖಜೂರಾ, ಪ್ರಾಕೃತದಲ್ಲಿ ಗೋಮ್ಹಿ. ಆಗಮದ ಪ್ರಕಾರ ಇದು ಸ್ಪರ್ಶ, ರಸ, ಗಂಧಗಳನ್ನು ಮಾತ್ರ ಅರಿಯುವ ತ್ರೀಂದ್ರಿಯ ಜೀವ. ದೊಡ್ಡ ಜರಿಯ ತಲೆಯ ಎರಡೂ ಪಾರ್ಶ್ವಗಳಲ್ಲಿ ನಾಲ್ಕು ನಾಲ್ಕು ಸಣ್ಣ ಕಣ್ಣುಗಳಿವೆಯೆಂದು ಜೀವಶಾಸ್ತ್ರಜ್ಞರು ಹೇಳುವರಾದರೂ, ಇರುಳಿನಲ್ಲಿ ಅದು ಜಿರಳೆಯನ್ನು ಹುಡುಕುವುದು ಮೀಸೆಗಳ ಬಲದಿಂದಲೇ.

ಶತಪದಿಯೆಂಬ ಹೆಸರಿದ್ದರೂ ಇದಕ್ಕೆ ನೂರು ಕಾಲುಗಳಿಲ್ಲ. ಮನೆಗಳಲ್ಲಿ ಕಾಣುವ ದೊಡ್ಡ ಜರಿಗೆ ಸಾಮಾನ್ಯವಾಗಿ 21 ಜೋಡಿ. ಅದು ಕಚ್ಚುವುದು ಬಾಯಿಯಿಂದಲ್ಲ, ವಿಷದ ಕೊಂಡಿಗಳಾಗಿ ಮಾರ್ಪಟ್ಟ ಮೊದಲ ಜೋಡಿ ಕಾಲುಗಳಿಂದ.

ಇಂತಹ ಜೀವದ ತಾಯ್ತನ ಬೆರಗು ಹುಟ್ಟಿಸುವಂಥದು. ಕಲ್ಲಿನಡಿಯಲ್ಲಿ ಮೊಟ್ಟೆಗಳನ್ನು ತನ್ನ ದೇಹದಿಂದಲೇ ಸುತ್ತುವರಿದು, ಬೂಷ್ಟು ಹಿಡಿಯದಂತೆ ನೆಕ್ಕುತ್ತ, ವಾರಗಟ್ಟಲೆ ಆಹಾರವಿಲ್ಲದೆ ಕಾಯುತ್ತದೆ. ಬೆದರಿದರೆ ಮಾತ್ರ ಆ ಮೊಟ್ಟೆಗಳನ್ನು ತಾನೇ ತಿಂದುಬಿಡುವುದುಂಟು. ಆದಕಾರಣ ಪರ್ವಕ್ಕೆ ಮುನ್ನ ಬಸದಿಯ ಅಂಗಳವನ್ನು ಶುಚಿಗೊಳಿಸುವಾಗ ಹೀಗೆ ಸುತ್ತಿಕೊಂಡ ಜರಿ ಕಂಡರೆ, ಎತ್ತಿದ ಕಲ್ಲನ್ನು ಮೆಲ್ಲನೆ ಇದ್ದಂತೆಯೇ ಇಡುವುದು ಉಚಿತ. ಮನೆಯೊಳಗೆ ಬಂದುದನ್ನು ಅಗಲ ಬಾಯಿಯ ಡಬ್ಬಿಯಲ್ಲಿ ಹಿಡಿದು ಹೊರಗೊಯ್ಯಬಹುದು. ಕೊಲ್ಲಲಿಲ್ಲವಲ್ಲ ಎಂದು ಬಿಸಿಲಿಗೆ ಎಸೆದು ಬರುವವರಿದ್ದಾರೆ. ಅದರ ಚರ್ಮವು ತೇವವನ್ನು ಹಿಡಿದಿಡಲಾರದು, ಒಣಗಿ ಸಾಯುತ್ತದೆ. ನೆರಳಿನ ಹಸಿಮಣ್ಣಿನಲ್ಲಿಯೇ ಬಿಡಬೇಕು.