ಈಜುಕೊಳದ ಗೇಟು ತೆರೆಯುವ ಮುನ್ನ

ಊರಿನ ಈಜುಕೊಳದ ಉಸ್ತುವಾರಿ ಹೊಸದಾಗಿ ನಿಮ್ಮ ಕೈಗೆ ಬಂದಿದ್ದರೆ, ನೀರಿನ ಬಣ್ಣ ನೋಡಿ ನಂಬುವುದನ್ನು ಮೊದಲು ಬಿಡಿ. ತಳಕ್ಕೆ ನೀಲಿ ಟೈಲ್ಸ್ ಹಾಕಿದ್ದರೆ ಕೊಳಕು ನೀರೂ ಚೆಂದ ಕಾಣುತ್ತದೆ. ಮೂಗೂ ಮೋಸ ಮಾಡುತ್ತದೆ. ಕಣ್ಣುರಿಸುವ ಘಾಟು ಬಂದರೆ ಕ್ಲೋರಿನ್ ಜಾಸ್ತಿಯಾಯಿತು ಅನ್ನುತ್ತಾರೆ. ಬಹಳ ಸಲ ಅದು ಬೆವರು, ಮೂತ್ರದೊಂದಿಗೆ ಸೇರಿ ಶಕ್ತಿಗುಂದಿದ ಕ್ಲೋರಿನ್ನಿನ ವಾಸನೆ. ಅಂದರೆ ನೀರಿಗೆ ಕ್ಲೋರಿನ್ ಸಾಲುತ್ತಿಲ್ಲ.

ಹಂತ 1: ತಳ ನೋಡಿ
ಆಳವಿರುವ ಕಡೆ ದಡದಲ್ಲಿ ನಿಂತು ತಳದ ಜಾಲರಿ ನೋಡಿ. ಅದರ ಕಂಡಿಗಳು ಸ್ಪಷ್ಟವಾಗಿ ಕಾಣದಿದ್ದರೆ ಆ ದಿನ ಕೊಳ ತೆರೆಯಬೇಡಿ. ಮಬ್ಬು ನೀರಿನಲ್ಲಿ ಮಗು ಮುಳುಗಿದರೆ ಜೀವರಕ್ಷಕನಿಗೂ ಕಾಣುವುದಿಲ್ಲ. ಜಾಲರಿ ಒಡೆದಿದ್ದರೂ, ಅದರ ಸ್ಕ್ರೂ ಸಡಿಲವಾಗಿದ್ದರೂ ಪಂಪು ನಿಲ್ಲಿಸಿ, ರಿಪೇರಿ ಆಗುವವರೆಗೆ ಯಾರನ್ನೂ ಇಳಿಸಬೇಡಿ. ಪಂಪಿನ ಸೆಳೆತಕ್ಕೆ ಕೂದಲು ಸಿಕ್ಕಿಕೊಂಡರೆ ದೊಡ್ಡವರಿಗೂ ಬಿಡಿಸಿಕೊಳ್ಳಲಾಗುವುದಿಲ್ಲ.

ಹಂತ 2: ನೀರು ಪರೀಕ್ಷಿಸಿ
ನೀರು ಒಳಬರುವ ಕೊಳವೆಯಿಂದ ದೂರ ಹೋಗಿ, ಮೊಣಕೈವರೆಗೆ ಕೈ ಇಳಿಸಿ ನೀರು ತೆಗೆಯಿರಿ. ನೀರು ಪರೀಕ್ಷಿಸುವ ಕಿಟ್‌ನಲ್ಲಿರುವ ಡಿಪಿಡಿ ಮಾತ್ರೆ ಹಾಕಿದರೆ ನೀರು ಗುಲಾಬಿಯಾಗುತ್ತದೆ. ಬಣ್ಣ ಗಾಢವಾದಷ್ಟೂ ಕ್ಲೋರಿನ್ ಹೆಚ್ಚು. ಗುಲಾಬಿ ಮಿಂಚಿ ಕ್ಷಣದಲ್ಲೇ ಮಾಯವಾದರೆ ಕ್ಲೋರಿನ್ ಇಲ್ಲವೆಂದು ತಿಳಿಯಬೇಡಿ. ವಿಪರೀತ ಇದ್ದಾಗಲೂ ಬಣ್ಣ ಹಾರಿಹೋಗುತ್ತದೆ.

ಕ್ಲೋರಿನ್ 1ರಿಂದ 3 ಪಿಪಿಎಂ (ಲೀಟರಿಗೆ ಮಿಲಿಗ್ರಾಂ), ಪಿಎಚ್ 7.2ರಿಂದ 7.8ರ ನಡುವೆ ಇರಲಿ. ಪಿಎಚ್ 8 ದಾಟಿದರೆ ಹಾಕಿದ ಕ್ಲೋರಿನ್ನಿನಲ್ಲಿ ಕಾಲು ಭಾಗವೂ ಚುರುಕಾಗಿ ಕೆಲಸ ಮಾಡುವುದಿಲ್ಲ, ದುಡ್ಡು ನೀರುಪಾಲು. ದಿನಕ್ಕೆ ಮೂರು ಸಲವಾದರೂ ಪರೀಕ್ಷಿಸಿ ಪುಸ್ತಕದಲ್ಲಿ ಬರೆದಿಡಿ. ಬೇಸಿಗೆ ರಜೆಯ ನೂಕುನುಗ್ಗಲಿನಲ್ಲಿ ಎರಡು ಗಂಟೆಗೊಮ್ಮೆ ನೋಡುವುದು ಒಳ್ಳೆಯದು.

ಹಂತ 3: ಲೆಕ್ಕ ಹಾಕಿ ಕ್ಲೋರಿನ್ ಹಾಕಿ
25 ಮೀಟರ್ ಉದ್ದ, 12 ಮೀಟರ್ ಅಗಲ, ಸರಾಸರಿ ಒಂದೂವರೆ ಮೀಟರ್ ಆಳದ ಕೊಳದಲ್ಲಿ 4,50,000 ಲೀಟರ್ ನೀರಿರುತ್ತದೆ. ಅದರಲ್ಲಿ ಕ್ಲೋರಿನ್ 1 ಪಿಪಿಎಂ ಏರಬೇಕಾದರೆ 450 ಗ್ರಾಂ ಶುದ್ಧ ಕ್ಲೋರಿನ್ ಬೇಕು. ಕ್ಲೋರಿನ್ ಪುಡಿಯ ಡಬ್ಬದ ಮೇಲೆ ಶೇ. 65 ಎಂದಿದ್ದರೆ ಸುಮಾರು 700 ಗ್ರಾಂ ತೂಗಿ ಹಾಕಿ. ಬೊಗಸೆ ಲೆಕ್ಕ ಬೇಡವೇ ಬೇಡ. ಬಿಸಿಲಿಗೆ ಕ್ಲೋರಿನ್ ಬೇಗ ಆರುವುದರಿಂದ ತೆರೆದ ಕೊಳಕ್ಕೆ ಸಂಜೆ, ಎಲ್ಲರೂ ಹೋದ ಮೇಲೆ ಹಾಕಬೇಕು.

ಪುಡಿಯ ಮೇಲೆ ನೀರು ಸುರಿಯದೆ, ಬಕೆಟ್ ನೀರಿಗೆ ಪುಡಿ ಹಾಕಿ ಕರಗಿಸಿ. ಕ್ಲೋರಿನ್ನಿಗೆ ಪಿಎಚ್ ಇಳಿಸುವ ಆಸಿಡ್ ತಾಗಿದರೆ ವಿಷಾನಿಲ ಏಳುತ್ತದೆ. ಬ್ಲೀಚಿಂಗ್ ಪೌಡರ್ ಮತ್ತು ಟಿಸಿಸಿಎ ಎಂಬ ಬೇರೆ ಬಗೆಯ ಕ್ಲೋರಿನ್ ಮಾತ್ರೆ ಬೆರೆತರೆ ಬೆಂಕಿಯೇ ಹತ್ತಬಹುದು. ಮೂರನ್ನೂ ಬೇರೆ ಬೇರೆ ಕಡೆ ಇಡಿ, ಒಂದರ ಚಮಚವನ್ನು ಇನ್ನೊಂದಕ್ಕೆ ಅದ್ದಬೇಡಿ.

ಹಂತ 4: ಫಿಲ್ಟರ್
ಸ್ವಚ್ಛ ಮರಳು ಫಿಲ್ಟರಿನ ಒತ್ತಡವನ್ನು ಮೊದಲೇ ಗುರುತು ಹಾಕಿಕೊಳ್ಳಿ. ಅದಕ್ಕಿಂತ 8–10 ಪಿಎಸ್‌ಐ ಏರಿದಾಗ ಬ್ಯಾಕ್‌ವಾಶ್ ಮಾಡಿ, ಅಂದರೆ ನೀರನ್ನು ಹಿಮ್ಮುಖವಾಗಿ ಹಾಯಿಸಿ ಮರಳು ತೊಳೆಯಿರಿ. ಪಂಪು ಆಫ್ ಮಾಡದೆ ವಾಲ್ವಿನ ಹಿಡಿ ತಿರುಗಿಸಬೇಡಿ.

ಹಂತ 5: ಇಳಿಯುವವರು
ಸೋಪು ಹಚ್ಚಿ ಸ್ನಾನ ಮಾಡದೆ ಯಾರೂ ಇಳಿಯಬಾರದು, ಪರಿಚಯದವರಿಗೂ ರಿಯಾಯಿತಿ ಬೇಡ. ಭೇದಿಯಾದವರು ಗುಣವಾದ ಮೇಲೂ ಎರಡು ವಾರ ಬರದಿರಲಿ. ಕ್ರಿಪ್ಟೋಸ್ಪೊರಿಡಿಯಂ ಎಂಬ ರೋಗಾಣು ಸಾಮಾನ್ಯ ಪ್ರಮಾಣದ ಕ್ಲೋರಿನ್ ನೀರಿನಲ್ಲೂ ವಾರಕ್ಕಿಂತ ಹೆಚ್ಚು ಬದುಕುತ್ತದೆ. ಮಗು ನೀರಿನಲ್ಲಿ ಗಟ್ಟಿ ಮಲ ಮಾಡಿಕೊಂಡರೆ ಬೈಯಬೇಡಿ. ಎಲ್ಲರನ್ನೂ ಮೇಲೆ ಕಳಿಸಿ, ಬಲೆಯಿಂದ ಎತ್ತಿ, ಪಿಎಚ್ 7.5ಕ್ಕಿಂತ ಏರದಂತೆ ನೋಡಿಕೊಂಡು ಕ್ಲೋರಿನ್ ಅನ್ನು ಅರ್ಧ ಗಂಟೆ 2 ಪಿಪಿಎಂನಲ್ಲಿ ಉಳಿಸಿ, ಆಮೇಲೆ ತೆರೆಯಿರಿ. ಭೇದಿಯಾಗಿದ್ದರೆ ಇಷ್ಟು ಸಾಲದು; ಕೊಳ ಮುಚ್ಚಿ, ತಿಳಿದವರ ಕೈಯಲ್ಲಿ ಹೆಚ್ಚಿನ ಕ್ಲೋರಿನ್ ಉಪಚಾರ ಮಾಡಿಸಿ.

ಹಂತ 6: ನೀರು ಚೆಲ್ಲಬೇಡಿ
ಪಾಚಿ ಕಂಡ ಕೂಡಲೇ ಕೊಳ ಬರಿದು ಮಾಡುವುದು ಸೋಮಾರಿತನ. 2024ರ ಮಾರ್ಚ್‌ನ ನೀರಿನ ಬರದಲ್ಲಿ ಬೆಂಗಳೂರು ಜಲಮಂಡಳಿ ಈಜುಕೊಳಗಳಿಗೆ ಕುಡಿಯುವ ನೀರು ಬಳಸುವುದನ್ನೇ ನಿಷೇಧಿಸಿ, 5,000 ರೂಪಾಯಿ ದಂಡ ಇಟ್ಟಿತ್ತು. ಗೋಡೆ ಉಜ್ಜಿ, ಕ್ಲೋರಿನ್ ಏರಿಸಿ, ಫಿಲ್ಟರ್ ಓಡಿಸಿದರೆ ಅದೇ ನೀರು ತಿಳಿಯಾಗುತ್ತದೆ. ಬೋರ್‌ವೆಲ್ ನೀರು ತುಂಬಿಸಿದ್ದರೆ ಕ್ಲೋರಿನ್ ಬಿದ್ದೊಡನೆ ಕಂದು ಬಣ್ಣಕ್ಕೆ ತಿರುಗಬಹುದು. ಅದು ಕಬ್ಬಿಣದ ಅಂಶ. ಫಿಲ್ಟರ್ ಬಿಡದೆ ಓಡಲಿ.

ಬೆಳಗಿನ ಕ್ಲೋರಿನ್, ಪಿಎಚ್ ಅಂಕಿಗಳನ್ನು ಗೇಟಿನ ಬಳಿಯ ಹಲಗೆಯಲ್ಲಿ ದಿನವೂ ಬರೆಯಿರಿ. ಮಗುವನ್ನು ಕರೆತಂದವರು ಅನುಮಾನ ಪಟ್ಟರೆ ಬೇಸರಿಸದೆ ಕಿಟ್ ತಂದು ಅವರೆದುರೇ ಪರೀಕ್ಷಿಸಿ ತೋರಿಸಿ.