ಬಿಸಿಲು ಬರೆದ ಅಕ್ಷರ

ಹಳ್ಳಿ ಶಾಲೆಯ ಮಬ್ಬುಗತ್ತಲೆಯ ಕೋಣೆಯೇ ನಮ್ಮ ಮತಗಟ್ಟೆ. ಎರಡನೇ ಪೋಲಿಂಗ್ ಅಧಿಕಾರಿಯಾಗಿದ್ದ ನನ್ನ ಪಾಲಿಗೆ ಶಾಯಿಯ ಬಾಟಲಿ ಬಂದಿತ್ತು. ಅಜ್ಜಿಯೊಬ್ಬರ ತೋರುಬೆರಳಿಗೆ ಎಳೆದ ಗೆರೆ ತೆಳು ನೇರಳೆಯಾಗಿಯೇ ಉಳಿದದ್ದು ಕಂಡು, ಶಾಯಿ ಕೆಟ್ಟಿದೆಯೇನೋ ಎಂದು ಗಾಬರಿಯಾಗಿ ಮತ್ತೊಮ್ಮೆ ಬಳಿದೆ. ಮಧ್ಯಾಹ್ನ ಎರಡು ತುತ್ತು ಉಣ್ಣಲು ಜಗಲಿಗೆ ಬಂದಾಗ ನನ್ನ ಹೆಬ್ಬೆರಳಿಗೆ ತಾಗಿದ್ದ ಅದೇ ಶಾಯಿ ಬಿಸಿಲಲ್ಲಿ ಕಪ್ಪಗಾಗುತ್ತಾ ಹೋಯಿತು. ಶಾಯಿ ಸರಿಯಾಗಿಯೇ ಇತ್ತು. ಕೋಣೆಯಲ್ಲಿ ಬೆಳಕು ಸಾಲದಾಗಿತ್ತು.

ಈ ಶಾಯಿ ಮೈಸೂರಿನದು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1937ರಲ್ಲಿ ಶುರುವಾದ ಅರಗು ಮತ್ತು ಬಣ್ಣದ ಕಾರ್ಖಾನೆಯೇ ಇಂದಿನ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್. 1962ರ ಚುನಾವಣೆಯಿಂದ ದೇಶದ ಬೆರಳುಗಳಿಗೆಲ್ಲ ಅದೇ ಶಾಯಿ. ಹಚ್ಚಿದಾಗ ಕಾಣುವ ನೇರಳೆ ಬರೀ ಬಣ್ಣ, ತೊಳೆದರೆ ಹೋಗುವಂಥದ್ದು. ಉಳಿಯುವ ಗುರುತು ಅದರೊಳಗಿನ ಬಣ್ಣವಿಲ್ಲದ ಸಿಲ್ವರ್ ನೈಟ್ರೇಟಿನದು. ಅದು ಚರ್ಮದ ಉಪ್ಪಿನೊಡನೆ ಸೇರಿ, ನೀರಿನಲ್ಲಿ ಕರಗದ ಸಿಲ್ವರ್ ಕ್ಲೋರೈಡ್ ಆಗುತ್ತದೆ. ಬೆಳಕು ಬಿದ್ದಾಗ ಬೆಳ್ಳಿ ಸಣ್ಣ ಕಣಗಳಾಗಿ ಬೇರೆಯಾಗಿ ಕಪ್ಪಗೆ ಕಾಣುತ್ತದೆ. ಚರ್ಮದ ಮೇಲಿನ ಕಲೆ ಕೆಲವು ದಿನಗಳಲ್ಲಿ ಮಾಸಿದರೂ ಉಗುರಿನದು ಉಗುರು ಬೆಳೆದು ಕತ್ತರಿಸುವವರೆಗೂ ಇರುತ್ತದೆ.

ವಿಜ್ಞಾನದ ಮೇಷ್ಟ್ರಾದ ನನಗೆ ಇದನ್ನು ಮಕ್ಕಳಿಗೆ ತೋರಿಸದೆ ಸಮಾಧಾನವಿರಲಿಲ್ಲ. 1737ರಲ್ಲಿ ಪ್ಯಾರಿಸ್ಸಿನ ಜಾನ್ ಎಲ್ಲೋ ಎಂಬಾತ ಇದೇ ಸಿಲ್ವರ್ ನೈಟ್ರೇಟಿನ ದ್ರಾವಣವನ್ನು ಗುಪ್ತ ಶಾಯಿಯೆಂದು ವಿವರಿಸಿದ್ದ: ಕತ್ತಲಲ್ಲಿಟ್ಟರೆ ಕಾಗದ ಖಾಲಿ, ಬಿಸಿಲಿಗೆ ಹಿಡಿದರೆ ಬರಹ. ಅದಕ್ಕೂ ಮುಂಚೆ ಜರ್ಮನಿಯ ಯೋಹಾನ್ ಹೈನ್ರಿಕ್ ಷುಲ್ಟ್ಸೆ, ಬೆಳ್ಳಿ ಸೇರಿದ ಸೀಮೆಸುಣ್ಣದ ಕಲಕನ್ನು ಬಾಟಲಿಗೆ ತುಂಬಿ, ಅಕ್ಷರ ಕೊರೆದ ಕಾಗದವನ್ನು ಅದಕ್ಕೆ ಸುತ್ತಿ, ಸೂರ್ಯನಿಂದಲೇ ಅಕ್ಷರ ಬರೆಸಿದ್ದ. ಕಪ್ಪಾಗಿಸುವುದು ಬಿಸಿಲಿನ ಕಾವಲ್ಲ, ಬೆಳಕು ಎಂದು ತೋರಿಸಿಕೊಟ್ಟವನೂ ಅವನೇ.

ನಮ್ಮ ಮೊದಲ ಪ್ರಯತ್ನ ಕೆಟ್ಟಿತು. ಅವಸರದಲ್ಲಿ ಸಿಲ್ವರ್ ನೈಟ್ರೇಟಿಗೆ ಬಾವಿ ನೀರು ಹಾಕಿದ್ದೆ. ದ್ರಾವಣ ಮಜ್ಜಿಗೆಯಂತೆ ಬೆಳ್ಳಗಾಯಿತು. ನೀರಿನ ಉಪ್ಪು ಬೆಳ್ಳಿಯನ್ನು ಬಾಟಲಿಯಲ್ಲೇ ಹಿಡಿದುಹಾಕಿತ್ತು. ಬೆರಳಿನ ಮೇಲೆ ಬೇಕಾದದ್ದು ಬಾಟಲಿಯಲ್ಲಿ ಬೇಡವಾಗಿತ್ತು! ಮರುದಿನ ಡಿಸ್ಟಿಲ್ಡ್ ನೀರು, ಕಂದು ಬಾಟಲಿ, ಕೈಗೆ ಗ್ಲೌಸು, ಕಣ್ಣಿಗೆ ಕನ್ನಡಕ. ಕಣ್ಣಿಗೆ ಸಿಡಿದರೆ ಅಪಾಯವಾದ್ದರಿಂದ ಕುಂಚ ಹಿಡಿದವನು ನಾನೊಬ್ಬನೇ. ಮಕ್ಕಳು ಹೇಳಿದ ಹೆಸರುಗಳನ್ನು ಕಾಗದದ ಮೇಲೆ ಬರೆದೆ. ಏನೂ ಕಾಣಲಿಲ್ಲ. ಕಿಟಕಿಯ ಬಿಸಿಲಲ್ಲಿಟ್ಟು ಕಾದೆವು. ಕಂದು ಗೆರೆಗಳು ಒಂದೊಂದಾಗಿ ಮೂಡುತ್ತಿದ್ದಂತೆ, ಹಿಂದಿನ ಬೆಂಚಿನವರೂ ಕಿಟಕಿಗೆ ಬಂದು ಮುತ್ತಿದರು.

ಮುಂದಿನ ಚುನಾವಣೆಯಲ್ಲಿ ಕೈಪಿಡಿಯ ಸಣ್ಣ ಸಾಲುಗಳು ನನಗೆ ಬೇರೆಯಾಗಿಯೇ ಕಂಡವು. ಬೆರಳಿನ ಎಣ್ಣೆ ಜಿಡ್ಡನ್ನು ಬಟ್ಟೆಯಿಂದ ಒರೆಸಬೇಕು, ಏಕೆಂದರೆ ಜಿಡ್ಡಿದ್ದರೆ ಬೆಳ್ಳಿ ಚರ್ಮವನ್ನು ಮುಟ್ಟುವುದೇ ಇಲ್ಲ. ಬಾಟಲಿಯನ್ನು ಮರಳು ತುಂಬಿದ ಡಬ್ಬಿಯಲ್ಲಿ ನಿಲ್ಲಿಸಬೇಕು. ಮತದಾರರ ಸಹಿಗಿಂತ ಮೊದಲೇ ಶಾಯಿ, ಹೊರಗೆ ಹೋಗುವಷ್ಟರಲ್ಲಿ ಒಣಗಲೆಂದು. ಬೆಳಿಗ್ಗೆ ಏಳಕ್ಕೆ ಮುಂಚೆ ಹೋಗಿ ನನ್ನ ಮೇಜನ್ನು ಕಿಟಕಿಯ ಪಕ್ಕಕ್ಕೆ ಎಳೆದುಕೊಂಡೆ. ಮೊದಲ ಮತದಾರ ಹೊಲಕ್ಕೆ ಹೊರಟಿದ್ದ ರೈತ. ಗೆರೆ ತೆಳುವಾಯಿತಲ್ಲ ಎಂದ. ಗದ್ದೆ ತಲುಪುವಷ್ಟರಲ್ಲಿ ನೋಡಿಕೊಳ್ಳಿ ಎಂದೆ.